ವಾಮನನ ಹೆಸರಿಗೆ ಬಂದ ಕಾಗದ

ಇವತ್ತು ಅಂಚೆ ಕಚೇರಿಯಲ್ಲಿ ಯಾರದೋ ಪಾರ್ಸಲ್ಲಿಗೆ ಮುದ್ರೆ ಒತ್ತುತ್ತಿದ್ದರು. ಕರಗಿದ ಅರಗಿನ ವಾಸನೆ ಮೂಗಿಗೆ ಬಡಿಯುತ್ತಲೇ ಹೊರಗೆ ಬಂದುಬಿಟ್ಟೆ. ನಿಮಗೆ ಆ ವಾಸನೆ ಇಷ್ಟವಿರಬಹುದು; ಒಂದು ಕಾಲಕ್ಕೆ ನನಗೂ ಇತ್ತು.

ಧಾರವಾಡ ಬಿಟ್ಟು ಪುಣೆಯ ಸದಾಶಿವ ಪೇಟೆಯಲ್ಲಿ ಎರಡು ಖೋಲಿ ಹಿಡಿದ ಮೇಲೂ ನಮ್ಮ ಮನೆತನದ ಪದ್ಧತಿ ಬದಲಾಗಲಿಲ್ಲ. ಯಾರ ಹೆಸರಿಗೆ ಕಾಗದ ಬಂದರೂ ಒಡೆಯುವವನು ಹಿರಿಯ ಮಗ, ಅಂದರೆ ನಾನು. ಹೆಂಡತಿಯ ತವರಿನ ಕಾಗದವನ್ನೂ ನಾನೇ ಓದಿ, “ಎಲ್ಲಾರೂ ಆರಾಮ ಇದ್ದಾರ” ಎಂದು ಒಳಗೆ ಕಳಿಸುತ್ತಿದ್ದೆ. ಅದರಲ್ಲಿ ನನ್ನ ಬಗ್ಗೆ ಏನಿರುತ್ತಿತ್ತೆಂಬುದು ಬೇರೆ ಮಾತು.

ತಮ್ಮ ವಾಮನ ಬಿ.ಎಸ್‌ಸಿ. ಮುಗಿಸಿ ಊರಿಗೆ ಹೋಗಿದ್ದಾಗ, ಅವನ ಗುರುಗಳ ಶಿಫಾರಸಿನ ಮೇಲೆ ದಕ್ಷಿಣದ ಸಂಶೋಧನಾಲಯವೊಂದರ ಪ್ರಾಧ್ಯಾಪಕರಿಂದ ಅವನಿಗೆ ಕಾಗದ ಬಂತು. ಎಂ.ಎಸ್‌ಸಿ.ಗೆಂದು ಎರಡು ವರ್ಷ ಕಳೆಯಬೇಡಿ, ಈಗಲೇ ಬನ್ನಿ, ನನ್ನ ಕೈಕೆಳಗೆ ಕೆಲಸ ಮಾಡುತ್ತಲೇ ಡಾಕ್ಟರೇಟಿಗೆ ಬರೆಯಬಹುದು ಎಂದಿತ್ತು. ನನಗೆ ಗೊತ್ತಿದ್ದ ಭೌತಶಾಸ್ತ್ರ, ಚಹಾದ ಪಾತ್ರೆಯ ಮುಚ್ಚಳ ಕುಣಿಯುವುದಷ್ಟೇ. ಆದರೆ ನಾನು ಗುಮಾಸ್ತ ನೋಡಿ, ಕಾಗದಕ್ಕೆ ಉತ್ತರ ಬರೆಯುವುದರಲ್ಲಿ ಎತ್ತಿದ ಕೈ. ಸಂಶೋಧನೆ ನಡುವೆ ನಿಂತರೆ ಹುಡುಗನ ಕೈಯಲ್ಲಿ ಯಾವ ಪದವಿ ಉಳಿದೀತು? ‘ಎಂ.ಎಸ್‌ಸಿ. ಆದ ನಂತರ ಕಳಿಸುತ್ತೇವೆ’ ಎಂದು ಬರೆದು, ಅರಗು ಹಾಕಿ, ರಿಜಿಸ್ಟರ್ ಮಾಡಿದೆ. ವಾಮನನಿಗೆ ಹೇಳಲಿಲ್ಲ. ಅವನ ಮನಸ್ಸು ಚಂಚಲವಾಗಬಾರದಲ್ಲ!

ಎಂ.ಎಸ್‌ಸಿ. ಮುಗಿದ ಮೇಲೆ ಗುರುಗಳ ಮಾತಿನಂತೆ ಅವನೇ ಆ ಪ್ರಾಧ್ಯಾಪಕರಿಗೆ ಬರೆದ. ಉತ್ತರ ಬಂತು, ಅದನ್ನೂ ಒಡೆದೆ. ‘ನಿಮ್ಮ ಅಣ್ಣನವರು ಬೇಡವೆಂದ ಕಾರಣ ಸ್ಥಾನ ಇನ್ನೊಬ್ಬರಿಗೆ ಹೋಯಿತು. ಈಗ ಯುದ್ಧ, ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ.’

ಈ ಸಲ ಕಾಗದ ಅವನ ಕೈಗೆ ಕೊಟ್ಟೆ. ವಾಮನ ಅದನ್ನು ಎರಡು ಸಲ ಓದಿದ. “ನನ್ನ ಒಂದು ಮಾತು ಕೇಳಬೇಕಿತ್ತಲ್ರಿ, ಅಣ್ಣಾ.”

“ನಿನ್ನ ಒಳ್ಳೇದಕ್ಕ ಮಾಡೀನೋ.”

“ಹೌದ್ರಿ. ಕಾಗದ ಕೊಟ್ಟಿದ್ರ ಸಾಕಿತ್ತು.”

ಒಳಗಿಂದ ನನ್ನ ಹೆಂಡತಿ ಅಂದಳು: “ನನ್ನ ಕಾಗದಾನೂ ಅದಾವ್ರಿ, ಹತ್ತು ವರ್ಷದ್ದು, ಎಲ್ಲಾ ನೀವೇ ಒಡೆದಿದ್ದು.” ಯಾರೂ ನಗಲಿಲ್ಲ.

ಅಂದಿನಿಂದ ವಾಮನ ಇಲ್ಲೇ ಒಂದು ಕಾಲೇಜಿನಲ್ಲಿ ಹುಡುಗರಿಗೆ ಪ್ರಯೋಗ ತೋರಿಸುತ್ತಾನೆ. ಪ್ರತಿ ವರ್ಷ ಅವೇ ಹನ್ನೆರಡು ಪ್ರಯೋಗ.

ಇವತ್ತು ಅಂಚೆ ಕಚೇರಿಯಿಂದ ಮನೆಗೆ ಬಂದರೆ ಅವನು ಕೂತಿದ್ದ. ಜೊತೆಗೆ ಬೆಳಗಾವಿ ಕಡೆಯ ಒಬ್ಬ ಶಿಷ್ಯ. “ಎಂ.ಎಸ್‌ಸಿ. ಮಾಡಲೋ, ನೇರ ಸಂಶೋಧನೆಗೆ ಹೋಗಲೋ, ಸರ್?” ಎಂದು ಅವನು ಕೇಳುತ್ತಿದ್ದ.

ವಾಮನ ಕಪ್ಪಿನಿಂದ ಬಶಿಗೆ ಸುರಿದ ಚಹಾ ಊದಿದ. “ನನ್ನೇನು ಕೇಳ್ತೀ? ನಮ್ಮಣ್ಣಾರನ್ನ ಕೇಳು. ಒಂದು ಕಾಗದದಾಗ ಮುಗಿಸಿಬಿಡ್ತಾರ.”

ಪಾಪ, ಆ ಶಿಷ್ಯ ನಿಜಕ್ಕೂ ನನ್ನ ಕಡೆ ತಿರುಗಿ ಕೈಮುಗಿದ.

“ನನಗ ಅದು ತಿಳಿಯಂಗಿಲ್ಲಪ್ಪಾ” ಎಂದೆ.

“ಕೇಳಿದೇನು?” ಅಂದ ವಾಮನ ಶಿಷ್ಯನಿಗೆ. “ಈಗ ತಿಳಿಯಂಗಿಲ್ಲಂತ.”