ಹೆದರುವವನ ಮೊದಲ ಮಾತು

ನಮ್ಮ ಸುಬೇದಾರರ ಎಡಗೈಯ ಎರಡು ಬೆರಳಿಗೆ ತುದಿ ಇರಲಿಲ್ಲ. ಸೈನ್ಯದಲ್ಲಿದ್ದಾಗ ಹಿಮಾಲಯದ ಚಳಿ ತಿಂದುಹಾಕಿತ್ತು. ನಿವೃತ್ತರಾಗಿ ಗುಬ್ಬಿಗೆ ಬಂದವರು ಭಾನುವಾರಗಳಂದು ನಮ್ಮಂಥ ತುಮಕೂರಿನ ಗುಮಾಸ್ತರನ್ನು ದೇವರಾಯನದುರ್ಗದ ಬಂಡೆ ಹತ್ತಿಸುತ್ತಿದ್ದರು. ಏಪ್ರಿಲ್ ಬಿಸಿಲಿಗೂ ನಾನು ಕೊಡೆ, ಮಫ್ಲರು, ಮೂರು ಜೊತೆ ಕಾಲುಚೀಲ ಹೊತ್ತು ಹೋಗುತ್ತಿದ್ದೆ. "ಏನ್ಲಾ, ಮನೆ ಖಾಲಿ ಮಾಡ್ಕೊಂಡ್ ಬಂದ್ಯಾ?" ಎನ್ನುತ್ತಿದ್ದರು.

ಎಂಬತ್ತರ ದಶಕದ ಶುರುವಿನಲ್ಲಿ ಒಂದು ವಸಂತಕ್ಕೆ ನಮ್ಮ ಆರು ಜನರನ್ನು ಹಿಮಾಚಲದ ಘಟ್ಟವೊಂದಕ್ಕೆ ಕರೆದೊಯ್ದರು. ಹಿಮದ ಇಳಿಜಾರೊಂದನ್ನು ಅಡ್ಡ ದಾಟಿದರೆ ಘಟ್ಟದ ನೆತ್ತಿ. ಅವರು ಸಲಿಕೆಯಿಂದ ಸೊಂಟದುದ್ದ ಗುಂಡಿ ತೋಡಿ, ಹಿಮದ ಪದರಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಮೇಲೆ ಹಪ್ಪಳ, ಕೆಳಗೆ ರವೆ ಕಣ್ರೋ. ಬಿಸ್ಲೇರಿದ್ರೆ ಹಪ್ಪಳ ಜಾರ್ತದೆ. ಜೊತೆಗೆ ನಾವೂವೆ."

ಆದರೆ ತೀರ್ಮಾನಕ್ಕೆ ಮೊದಲು, ಗುಂಪಿನಲ್ಲಿ ಅತಿ ಹೆಚ್ಚು ಹೆದರುವವನು ಮಾತಾಡಬೇಕು. ಅದು ಅವರ ಕಾನೂನು. ಧೈರ್ಯಸ್ಥರು ಬಾಯಿಬಿಟ್ಟ ಮೇಲೆ ಹೆದರುವವನು ನಿಜ ಹೇಳುವುದಿಲ್ಲವಂತೆ. ಯಾರೂ ಹೆಸರೆತ್ತಲಿಲ್ಲ, ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮಂಡಿ ನಡುಗುತ್ತಿತ್ತು. ನಕ್ಕುಬಿಡುತ್ತಾರೆಂದು "ಹೋಗೋಣ ಸಾರ್" ಎಂದುಬಿಟ್ಟೆ.

ಅವರು ನನ್ನ ಮಂಡಿ ನೋಡಿದರು. "ನೀನೇ ಸುಳ್ ಹೇಳಿದ್ರೆ ನಾನ್ ಯಾರನ್ನ ಕೇಳ್ಲಿ? ನಡೀರಿ ವಾಪಸ್!"

ಸಂಜೆಯವರೆಗೂ ಆ ಇಳಿಜಾರು ಕುಸಿಯಲೇ ಇಲ್ಲ. ತುಮಕೂರಿನ ಸ್ಟೇಷನ್ನಿನಲ್ಲಿ ಗೆಳೆಯನೊಬ್ಬ, "ಏನ್ ಸಾರ್, ಹಿಮ ಮುಟ್ಟಿ ಓಡ್ಬಂದ್ರಂತೆ?" ಎಂದು ಕಿಚಾಯಿಸಿದ.

"ಏಳು ಜನ ಹೋಗಿದ್ವಿ. ಎಣಿಸ್ಕೊಳಪ್ಪ" ಎಂದರು ಸುಬೇದಾರರು.

ಮರುವರ್ಷ ಮತ್ತೆ ಅದೇ ಏಳು ಜನ, ಅದೇ ಜಾಗ. ಹಿಂದಿನ ದಿನವೆಲ್ಲ ಬೀಸಿದ ಗಾಳಿ ಹೊಸ ಹಿಮವನ್ನು ತಂದು ಆ ಇಳಿಜಾರಿನ ಮೇಲೆ ಗುಡ್ಡೆ ಹಾಕಿತ್ತು. ಅವರು ಸಲಿಕೆ ಬಿಚ್ಚುವ ಮೊದಲೇ ನಾನು, "ಬೇಡ ಸಾರ್, ಭಯ ಆಗ್ತಿದೆ" ಎಂದೆ. ಅವರು ಬೇರೆ ಯಾರನ್ನೂ ಕೇಳಲಿಲ್ಲ. ಚೀಲ ಹೆಗಲಿಗೇರಿಸಿ ಇಳಿಯತೊಡಗಿದರು.

ಕೆಳಗೆ ಚಹಾ ಕಾಯಿಸುತ್ತಿದ್ದಾಗ ಬೆಟ್ಟ ಗುಡುಗಿತು. ನೋಡನೋಡುತ್ತಿದ್ದಂತೆ ಇಡೀ ಇಳಿಜಾರೇ ಕಳಚಿಕೊಂಡು ಬಂದು, ಸ್ವಲ್ಪ ಹೊತ್ತಿನ ಹಿಂದೆ ಮೇಲೆ ನಾವು ನಿಂತಿದ್ದ ಜಾಗವನ್ನೂ ನುಂಗಿತು. ಸುಬೇದಾರರು ತಮ್ಮ ಲೋಟದ ಚಹಾವನ್ನು ನನ್ನ ಲೋಟಕ್ಕೆ ಬಗ್ಗಿಸಿದರು, ಅಷ್ಟೇ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಗುಬ್ಬಿಗೆ ಹೋದೆ. ಅವರ ಹೆಂಡತಿ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. "ಬೇಡ ಅಂದೋನು ನೀನೇ ಅಲ್ವೇನಪ್ಪಾ? ಮನೇಗ್ ಬಂದೋರ್ಗೆಲ್ಲ ನಿನ್ ಕತೇನೇ ಹೇಳೋರು."

ಅಳುತ್ತಲೇ ನನ್ನ ಎದೆ ಉಬ್ಬಿತು. ಸಾವಿನ ಮನೆಯಲ್ಲಿ ಹೀಗೆ ಉಬ್ಬಬಹುದೋ ಇಲ್ಲವೋ ಎಂಬ ಚಿಂತೆಯೂ ಆಗಲೇ ಹತ್ತಿತು.