ಹುಳದ ಮನೆಗೆ ನನ್ನನ್ನು ಬಿಡದ ವರ್ಷ

ಎರಡನೇ ಸಲ ಬಸುರಿಯಾದಾಗ ನಾನು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಮೊದಲನೆಯ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗೇ ಹೋಗಿತ್ತು. ಹೆಣ್ಣು ಮಗು. ಅದಕ್ಕೆ ನಾಲ್ಕು ದಿನ ಮುಂಚೆಯಷ್ಟೇ ಡಾಕ್ಟರಮ್ಮ ತಾಯಿ ಕಾರ್ಡಿನಲ್ಲಿ ‘ನಾರ್ಮಲ್’ ಅಂತ ಬರೆದು ಕಳಿಸಿದ್ದರು. ಹಾಗಾಗಿ ಈ ಸಲ ಅವರು ನಾರ್ಮಲ್ ಅಂದಾಗಲೆಲ್ಲ ನನಗೆ ಹೆದರಿಕೆ ಹೆಚ್ಚಾಗುತ್ತಿತ್ತು. ಗಂಡ ಸ್ವೀಟು ತಂದರೆ, ಇವನಿಗೆ ಡಾಕ್ಟರು ಏನೋ ಹೇಳಿದ್ದಾರೆ, ನನ್ನಿಂದ ಮುಚ್ಚಿಡೋಕೆ ನಗ್ತಿದ್ದಾನೆ ಅನ್ನಿಸುತ್ತಿತ್ತು. ತರದಿದ್ದರೆ, ಇವನಿಗೂ ಆಸೆ ಹೋಯಿತು ಅನ್ನಿಸುತ್ತಿತ್ತು. ಮಂಚೇನಹಳ್ಳಿಯಿಂದ ಅಮ್ಮ ಬಂದು, ಮುರುಗಮಲ್ಲದ ದರ್ಗಾದಿಂದ ತಂದ ದಾರವನ್ನು ತೋಳಿಗೆ ಕಟ್ಟಿದಳು. “ಹೋದ್ಸಲ ಇದು ಇರ್ಲಿಲ್ಲ ಕಣೇ, ಅದಕ್ಕೇ ಹಂಗಾಯ್ತು” ಅಂದಳು. ದಾರವನ್ನು ನಾನು ಬಿಚ್ಚಲೂ ಇಲ್ಲ, ನಂಬಲೂ ಇಲ್ಲ.

ಆದರೆ ಎಲ್ಲರಿಗಿಂತ ಹೆಚ್ಚು ಅನುಮಾನ ಇದ್ದದ್ದು ಅತ್ತೆಯ ಮೇಲೆ.

ನನ್ನನ್ನು ಕೊಟ್ಟಿದ್ದು ಕೆಂಚಾರ್ಲಹಳ್ಳಿಯ ಕಡೆ, ರೇಷ್ಮೆ ಹುಳ ಸಾಕುವವರ ಮನೆಗೆ. ಮನೆಯ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಹುಳದ ಮನೆ. ಅದರೊಳಗೆ ಕಂಡಕಂಡವರನ್ನು ಬಿಡುವುದಿಲ್ಲ. ಮುಟ್ಟಾದವರು ಹೋಗುವ ಹಾಗಿಲ್ಲ, ಸೂತಕದವರು ಹೋಗುವ ಹಾಗಿಲ್ಲ, ಕಣ್ಣು ಕೆಟ್ಟದ್ದು ಅಂತ ಹೆಸರಾದವರಂತೂ ಅಂಗಳದಲ್ಲೂ ನಿಲ್ಲುವ ಹಾಗಿಲ್ಲ. ಬಿ.ಎಸ್‌ಸಿ. ಓದಿ ಬಂದ ನಾನು ಮೊದಮೊದಲು ಒಳಗೊಳಗೇ ನಕ್ಕಿದ್ದೆ. ಒಂದು ವರ್ಷದಲ್ಲಿ ನಾನೂ ಬಾಗಿಲಲ್ಲಿ ಹರಡಿದ ಸುಣ್ಣದ ಮೇಲೆ ಕಾಲಿಟ್ಟೇ ಒಳಗೆ ಹೋಗುವವಳಾದೆ. ಸೊಪ್ಪು ಹಾಕುವುದು, ತಟ್ಟೆ ಬದಲಾಯಿಸುವುದು, ಸೊರಗಿದ ಹುಳವನ್ನು ಆರಿಸಿ ಎಸೆಯುವುದು, ಎಲ್ಲ ಅತ್ತೆಯ ಪಕ್ಕದಲ್ಲೇ ನಿಂತು ಕಲಿತದ್ದು. ಅವರ ಜೊತೆ ನನಗೆ ಮಾತು ಬೆಳೆದಿದ್ದೇ ಆ ಮನೆಯೊಳಗೆ.

ಮಗು ಹೋದ ಮೇಲೆ ಮೂರು ತಿಂಗಳು ತವರಿನಲ್ಲಿದ್ದು ವಾಪಸ್ಸು ಬಂದೆ. ಮಾರನೇ ದಿನ ಬೆಳಿಗ್ಗೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಬುಟ್ಟಿ ಇಸಿದುಕೊಂಡು “ನೀನು ಬೇಡಮ್ಮ” ಅಂದರು. ಅಷ್ಟೇ. ಬಾಗಿಲು ಹಾಕಿಕೊಂಡರು. ಸೂತಕ ಯಾವಾಗಲೋ ಕಳೆದಿತ್ತು. ಇನ್ನೇನು ಉಳಿದಿತ್ತು? ನಮ್ಮ ಬೀದಿಯಲ್ಲಿ ಗಂಡ ಸತ್ತವಳೊಬ್ಬಳಿದ್ದಳು. ಅವಳನ್ನು ಯಾರೂ ಹುಳದ ಹತ್ತಿರ ಸೇರಿಸುತ್ತಿರಲಿಲ್ಲ. ನನ್ನನ್ನೂ ಅದೇ ಸಾಲಿಗೆ ಸೇರಿಸಿದರು ಅಂದುಕೊಂಡೆ. ಮಗು ಉಳಿಸಿಕೊಳ್ಳಲಾಗದವಳ ಕೈ ತಾಕಿದರೆ ಬೆಳೆ ಉಳಿಯುತ್ತದೆಯೇ?

ಮತ್ತೆ ಬಸುರಿಯಾದ ಮೇಲೆ ಇದು ಇನ್ನೂ ಹೆಚ್ಚಾಯಿತು. ಹೊಸ ಹುಳ ತರುವ ಮುಂಚೆ ಪ್ರತಿ ಸಲವೂ ಅತ್ತೆಗೆ ಏನಾದರೊಂದು ನೆಪ ಸಿಗುತ್ತಿತ್ತು. “ಮೂರು ದಿನ ಅಮ್ಮನ ಮನೇಗೆ ಹೋಗ್ಬಾ, ಹೊಟ್ಟೇಲಿ ಇರೋವಾಗ ತಾಯಿ ಕೈ ಊಟ ಮಾಡ್ಬೇಕು” ಅನ್ನುತ್ತಿದ್ದರು. ನಾನು ತಿರುಗಿ ಬರುವಷ್ಟರಲ್ಲಿ ಇಡೀ ಮನೆ ತೊಳೆದಿರುತ್ತಿತ್ತು. ನನ್ನ ಹಾಸಿಗೆಯ ಬೆಡ್‌ಶೀಟು ಕೂಡ ಒಗೆದು ಹರವಿರುತ್ತಿತ್ತು. ಹುಳದ ಮನೆಯ ಕಡೆಗಿದ್ದ ನನ್ನ ಕೋಣೆಯ ಕಿಟಕಿಗೆ ಒಂದು ದಿನ ಅವರೇ ಪ್ಲಾಸ್ಟಿಕ್ ಶೀಟು ಹೊಡೆದು ಮುಚ್ಚಿಬಿಟ್ಟರು. ನನಗೆ ಲೆಕ್ಕ ಸರಿಹೋಯಿತು. ನನ್ನ ಕಣ್ಣು ಹುಳದ ಮೇಲೆ ಬೀಳಬಾರದು, ನಾನು ಮಲಗಿದ ಜಾಗ ಶುದ್ಧವಾಗಬೇಕು. ಒಮ್ಮೆ ಆಶಾ ಕಾರ್ಯಕರ್ತೆ ಬಂದಾಗ ಇಬ್ಬರೂ ಹಿತ್ತಲಲ್ಲಿ ಪಿಸುಗುಟ್ಟುತ್ತಿದ್ದರು. ನೀರು ತರುವ ನೆಪದಲ್ಲಿ ಹೋದರೆ, “ಅವಳ ಮುಂದೆ ಮಾತ್ರ ಹೇಳ್ಬೇಡ” ಅನ್ನುವುದು ಕೇಳಿಸಿತು.

ಗಂಡನನ್ನು ಕೇಳಿದೆ. “ನಾನೇನು ಅಪಶಕುನಾನಾ?”

“ಅಮ್ಮನ ರೂಲ್ಸು ನಂಗೇನು ಗೊತ್ತು? ಅವಳನ್ನೇ ಕೇಳು” ಅಂದ. ಆ ಹುಳದ ಮನೆಯ ವಿಷಯದಲ್ಲಿ ಅವನು ಯಾವತ್ತೂ ಅಷ್ಟೇ.

ನಾನು ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟರೆ? ಅದರ ಬದಲು ಸೇಡು ತೀರಿಸಿಕೊಳ್ಳತೊಡಗಿದೆ. ಸೀಮಂತ ಬೇಡವೇ ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ. ದಿನಾ ಬೆಳಿಗ್ಗೆ ಅವರು “ಮಗು ಆಡ್ತಾ?” ಅಂತ ಕೇಳುತ್ತಿದ್ದರು. ನಾನು ಮುಖ ನೋಡದೆ “ಹ್ಞೂಂ” ಅನ್ನುತ್ತಿದ್ದೆ. ದಿನಾ ಯಾಕೆ ಕೇಳ್ತಾರೆ, ಇಲ್ಲ ಅನ್ನೋದನ್ನ ಕಾಯ್ತಿದ್ದಾರಾ ಅಂತಲೂ ಯೋಚಿಸಿದ್ದುಂಟು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ನಿಜ.

ಎಂಟನೇ ತಿಂಗಳು ಬಂತು. ಹೋದ ಸಲ ಎಲ್ಲ ಮುಗಿದದ್ದೂ ಅದೇ ತಿಂಗಳಲ್ಲಿ. ಆ ದಿನ ಹುಳ ಹಣ್ಣಾಗಿತ್ತು. ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ, ಮೈ ಮಿರುಗುತ್ತದೆ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೂ ಆರಿಸಿ, ಚಂದ್ರಿಕೆ ಅಂತ ಕರೆಯುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಕಸದಲ್ಲೇ ಸುತ್ತಿಕೊಂಡು ಬೆಳೆ ಹಾಳು. ಬಾಡಿಗೆ ಚಂದ್ರಿಕೆ ಸಾಲದೆ, ಇನ್ನಷ್ಟು ತರಲು ಗಂಡ ಟೆಂಪೊ ತೆಗೆದುಕೊಂಡು ಶಿಡ್ಲಘಟ್ಟದ ಕಡೆ ಹೋಗಿದ್ದ. ಅತ್ತೆ ಇಬ್ಬರು ಕೂಲಿ ಹೆಂಗಸರ ಜೊತೆ ಒಳಗಿದ್ದರು.

ಟೀ ಕುಡಿದು ಎಷ್ಟೋ ಹೊತ್ತಾಗಿತ್ತು. ಮಗು ಅಲ್ಲಾಡಿರಲಿಲ್ಲ. ಎಡಕ್ಕೆ ಮಲಗಿದೆ. ಬೆಲ್ಲ ತಿಂದೆ. ಫ್ರಿಜ್ಜಿನ ನೀರು ಕುಡಿದೆ. ಏನೂ ಇಲ್ಲ. ಗಂಡನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಹೋಗಿ ಹುಳದ ಮನೆಯ ಬಾಗಿಲು ತಳ್ಳಿದೆ.

ಅತ್ತೆಯ ಎರಡು ಕೈ ತುಂಬ ಹುಳ. ಗಾಬರಿಯಾದರೆ ಅವರ ಬಾಯಿಗೆ ಮೊದಲು ಬರುವುದು ತೆಲುಗು. “ಲೋಪಲಿಕಿ ರಾವದ್ದು” ಅಂತ ಕಿರುಚಿದರು, ಒಳಗೆ ಬರಬೇಡ ಅಂತ. ನಾನು ಹೊಸ್ತಿಲಲ್ಲೇ ನಿಂತು “ಮಗು ಆಡ್ತಿಲ್ಲ ಅತ್ತೆ” ಅಂದೆ.

ಅವರು ಹುಳಗಳನ್ನು ನೆಲದ ಮೇಲೆ ಬಿಟ್ಟರು. ಒಂದು ಹುಳ ಕೆಳಗೆ ಬಿದ್ದರೆ ಬಗ್ಗಿ ಎತ್ತಿಕೊಳ್ಳುವ ಹೆಂಗಸು ಅವರು. ಅಂಥವರು ಕೈತುಂಬ ಇದ್ದದ್ದನ್ನು ಹಾಗೇ ಬಿಟ್ಟು, “ನೀವು ನೋಡ್ಕಳ್ರಮ್ಮ” ಅಂತ ಹೆಂಗಸರಿಗೆ ಹೇಳಿ ಹೊರಗೆ ಬಂದರು. ನಲ್ಲಿಯ ಹತ್ತಿರ ಮೊಳಕೈವರೆಗೆ ಸೋಪು ಹಾಕಿ ಎರಡು ಸಲ ತೊಳೆದರು. ಈಗಲೂ ಮಡಿಯಾ ಅಂತ ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನನ್ನ ರಟ್ಟೆ ಹಿಡಿದು ಪಕ್ಕದ ಮನೆಯವರ ಆಟೋದಲ್ಲಿ ಕೂರಿಸಿದರು.

ಚಿಂತಾಮಣಿಯ ದಾರಿಯಲ್ಲಿ, ಮುಂದಿನ ಕಂಬಿ ಹಿಡಿದುಕೊಂಡು, ನನ್ನ ಕಡೆ ನೋಡದೆ ಹೇಳಿದರು. “ಹೋದ್ಸಲ ನಿಂಗೆ ಐದು ತಿಂಗಳಿದ್ದಾಗ ತಟ್ಟೆ ತೊಳೆಯಕ್ಕೆ ಕೂರ್ಸಿದ್ದೆ. ಫಾರ್ಮಲಿನ್ ಹಾಕಿದ್ ನೀರು. ನೀನು ಕಣ್ಣುರಿ ಅಂದೆ, ಕೆಮ್ಮಿದೆ. ನಾವೆಲ್ಲ ಮಾಡಿದ್ದೇ, ಏನಾಗಲ್ಲ ಅಂದೆ ನಾನು.”

ನನಗೆ ಅದು ಪೂರ್ತಿ ಮರೆತೇ ಹೋಗಿತ್ತು. ಹುಳ ತರುವ ಮುಂಚೆ ರೋಗ ಬರದಿರಲಿ ಅಂತ ಆ ಔಷಧಿ ಹೊಡೆದು ಎಲ್ಲ ತೊಳೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ.

“ಅದಕ್ಕೇ ಹೋಯ್ತೇನೋ ಕೂಸು ಅಂತ ನೀನು ವಾಪಸ್ ಬಂದಾಗಿಂದ ಒಳಗೆ ಬಿಡ್ಲಿಲ್ಲ. ಆಶಾದವಳನ್ನ ಕೇಳ್ದೆ. ಈ ಸಲ ಅದ್ರ ವಾಸ್ನೇನೂ ಬೀಳ್ದಂಗೆ ನೋಡ್ಕೊ ಅಂದ್ಳು. ನಿಂಗೆ ಹೇಳಿದ್ರೆ ನೀನು ಈ ಮನೇಲಿ ಇರಲ್ಲ ಅಂತ ಭಯ ನಂಗೆ.”

ತವರಿಗೆ ಕಳಿಸಿದ್ದು, ಬೆಡ್‌ಶೀಟು, ಕಿಟಕಿ, ಈಗ ಕೈ ತೊಳೆದದ್ದು, ಎಲ್ಲ ಆ ಔಷಧಿಗೆ ಹೆದರಿ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರಲ್ಲ, ಆ ಕಾಮಾಲೆ ನನಗೇ ಆಗಿತ್ತು. ಆದರೆ ನನ್ನ ಮನಸ್ಸು ಅಲ್ಲೇ ಕರಗಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಅಂತ ಸಿಟ್ಟು. ಆ ಸಿಟ್ಟಿಗೂ ಪುರಸೊತ್ತಿರಲಿಲ್ಲ, ಹೊಟ್ಟೆಯ ಮೇಲಿಂದ ನಾನು ಕೈ ತೆಗೆಯುವ ಹಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ಮಾಡಿ, “ಹಾರ್ಟ್‌ಬೀಟ್ ಚೆನ್ನಾಗಿದೆ, ನಾರ್ಮಲ್” ಅಂದರು. ಅದೇ ಮಾತು. ನಾನು ಅತ್ತೆಯ ಎದುರಿಗೇ ಫಾರ್ಮಲಿನ್ ವಿಷಯ ಕೇಳಿದೆ. “ಅದರಿಂದಲೇ ಅಂತ ಹೇಳಕ್ಕಾಗಲ್ಲಮ್ಮ. ಅಲ್ಲ ಅಂತಲೂ ಹೇಳಕ್ಕಾಗಲ್ಲ. ಈ ಸಲ ದೂರ ಇಟ್ಟಿದ್ದು ಒಳ್ಳೇದಾಯ್ತು” ಅಂದರು. ಅತ್ತೆ ಸೆರಗಿನ ತುದಿ ಹಿಡಿದುಕೊಂಡು ನಿಂತೇ ಇದ್ದರು.

ಸ್ವಲ್ಪ ಹೊತ್ತು ನೋಡೋಣ ಅಂತ ನನ್ನನ್ನು ನರ್ಸಿನ ಹತ್ತಿರ ಬಿಟ್ಟು ಡಾಕ್ಟರು ಹೋದರು. ನರ್ಸು ಎದೆಬಡಿತ ಕೇಳುವ ಪುಟ್ಟ ಮಿಷನ್ನನ್ನು ಹೊಟ್ಟೆಯ ಮೇಲಿಟ್ಟಳು. ಟಕಟಕ ಟಕಟಕ ಅಂತ ಸದ್ದು ಬಂತು. ನನ್ನ ಭಯಕ್ಕೆ ನನ್ನ ಎದೆಯೇ ಹಾಗೆ ಹೊಡೆದುಕೊಳ್ಳುತ್ತಿದೆಯಾ ಅಂತ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು.

“ಅದು ಮಿಷನ್ ಸದ್ದಲ್ವೇನಮ್ಮ?”

“ಮಗೂದು ಅಜ್ಜಿ.”

“ಯಾರ ಹೊಟ್ಟೆ ಮೇಲಿಟ್ರೂ ಹಂಗೇ ಬರುತ್ತೇನೋ. ಹೋದ್ಸಲಾನೂ ಎಲ್ಲಾ ಸರಿಯಾಗೈತೆ ಅಂದಿದ್ರು. ನನ್ ಹೊಟ್ಟೆ ಮೇಲಿಡು, ನೋಡಣ.”

ನರ್ಸು ನಕ್ಕಳು, ಆಮೇಲೆ ಹೊರಗೆ ಜನ ಕಾಯ್ತಿದ್ದಾರೆ ಅಂತ ಗದರಿದಳು. ಅತ್ತೆ ಆಗಲೇ ಸ್ಟೂಲಿನ ಮೇಲೆ ಕೂತು ಸೆರಗು ಸರಿಸಿದ್ದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. “ಇಡಿ ಸಿಸ್ಟರ್” ಅಂದೆ.

ಇಟ್ಟಳು. ಬರೀ ಗೊರಗೊರ ಸದ್ದು. ಎಡಕ್ಕಿಡು ಅಂದರು, ಬಲಕ್ಕಿಡು ಅಂದರು. ಎಲ್ಲಿಟ್ಟರೂ ಅಷ್ಟೇ. “ಈಗ ಇವಳಿಗಿಡು” ಅಂದರು. ಮತ್ತೆ ಟಕಟಕ ಅಂತ ಓಡತೊಡಗಿತು. ಅತ್ತೆ ಬಗ್ಗಿ ಪೂರ್ತಿ ಕೇಳಿಸಿಕೊಂಡು, “ಐತೆ ಕಣಮ್ಮ” ಅಂದು ನನ್ನ ಕಾಲಿನ ಮೇಲೆ ತಲೆಯಿಟ್ಟು ಅತ್ತರು. ಎಂಟು ತಿಂಗಳಲ್ಲಿ ನಾನು ನಂಬಿದ ಮೊದಲ ಮಾತು ಅದು. ನಾನೂ ಅಳತೊಡಗಿದೆ.

ಆ ಸಲದ ಬೆಳೆ ಅರ್ಧಕ್ಕರ್ಧ ಕಸದಲ್ಲೇ ಗೂಡು ಕಟ್ಟಿ ಹಾಳಾಯಿತು. ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಐದು ವಾರಕ್ಕೆ ಮಗ ಹುಟ್ಟಿದ. ಈಗ ಅವನಿಗೆ ಎರಡು ವರ್ಷ. ಮಧ್ಯಾಹ್ನ ಅವನು ಹೆಚ್ಚು ಹೊತ್ತು ಮಲಗಿದರೆ ನನಗೆ ತಡೆಯಲಾಗುವುದಿಲ್ಲ, ಮೂಗಿನ ಹತ್ತಿರ ಬೆರಳು ಹಿಡಿದು ನೋಡಲು ಎದ್ದು ಹೋಗುತ್ತೇನೆ. ಅತ್ತೆ ಆಗಲೇ ಅಲ್ಲಿ ಕೂತಿರುತ್ತಾರೆ. “ಉಸಿರಾಡ್ತಾವ್ನೆ, ಹೋಗು” ಅನ್ನುತ್ತಾರೆ. ಆದರೂ ನಾನೊಂದು ಸಲ ಹಿಡಿದು ನೋಡುತ್ತೇನೆ. ಅವರು ಜಾಗ ಬಿಟ್ಟುಕೊಡುತ್ತಾರೆ.