ಅಪ್ಪ ಹೂಂ ಅಂದ ವಿಡಿಯೋ

ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ಪೆನ್‌ಡ್ರೈವ್ ಇದೆ. ಯಾರೋ ಮರೆತು ಇಟ್ಟದ್ದಲ್ಲ. ಅವ್ವ ಅದಕ್ಕೆ ದಿನಾ ವಿಭೂತಿ ಹಚ್ಚುತ್ತಾಳೆ, ಸೋಮವಾರ ಒಂದು ಬಿಲ್ವಪತ್ರಿಯನ್ನೂ ಏರಿಸುತ್ತಾಳೆ. ಅವ್ವ ಊರಲ್ಲಿ ಇಲ್ಲದಾಗ ಜಗಲಿಯ ಪೂಜೆ ನನ್ನ ಪಾಲಿಗೆ ಬರುತ್ತದೆ. ಇವತ್ತು ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಜಗಲಿ ಒರೆಸುವಾಗ ಅದರೊಳಗೆ ನೀರು ಹೋದೀತೆಂದು ಹೆದರಿ, ಮುಚ್ಚಳ ಒತ್ತಿ ನೋಡಿ, ಮತ್ತೆ ಅಲ್ಲೇ ಇಟ್ಟೆ. ಅದರಲ್ಲಿರುವುದು ಒಂದೇ ವಿಡಿಯೋ. ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ. ಹಾಡಿನ ವಿಡಿಯೋಗಳನ್ನು ನೋಡುತ್ತಲೇ ದೊಡ್ಡವನಾದ ನನ್ನಂಥವನಿಗೆ ಇದು ನಾಚಿಕೆಯ ಮಾತೇ ಸರಿ.

ಬೈಲಹೊಂಗಲದಂಥ ಊರಲ್ಲಿ ರಾಕ್ ಸಂಗೀತದ ಹುಚ್ಚು ಹೇಗೆ ಹತ್ತಿತು ಎಂದು ನೀವು ಕೇಳಬಹುದು. ಕೇಬಲ್ಲಿನವನ ಪುಣ್ಯ. ನಾವು ಕಾಲೇಜಿನಲ್ಲಿದ್ದಾಗ ನಮ್ಮ ಓಣಿಗೆ ಬರುತ್ತಿದ್ದ ಚಾನೆಲ್ಲುಗಳಲ್ಲಿ ಒಂದು ಇಂಗ್ಲಿಷ್ ಹಾಡುಗಳದ್ದು. ಯಾರೂ ನೋಡುವುದಿಲ್ಲ ಎಂದು ಆತ ಅದನ್ನು ತೆಗೆಯುವ ಗೋಜಿಗೂ ಹೋಗಿರಲಿಲ್ಲ. ನೋಡುವವರು ಇಬ್ಬರಿದ್ದೆವು: ನಾನು, ಮತ್ತು ದೊಡವಾಡದಿಂದ ಬಸ್ಸಿಗೆ ಬಂದು ನನ್ನ ಜೊತೆ ಓದುತ್ತಿದ್ದ ಮಾಂತೇಶ. ಕ್ಲಾಸು ತಪ್ಪಿಸಿ ನಮ್ಮ ಮನೆಯ ಟಿವಿಯ ಮುಂದೆ ಕೂರುತ್ತಿದ್ದೆವು. ನಾನು ಕೂದಲು ಬಿಟ್ಟೆ, ಹುಬ್ಬಳ್ಳಿಯಿಂದ ತಲೆಬುರುಡೆಯ ಚಿತ್ರವಿದ್ದ ಕರಿ ಅಂಗಿ ತಂದೆ. ಅವ್ವ ಅದನ್ನು ಸ್ಮಶಾನವಾಸಿ ಶಿವನ ಗುರುತೆಂದು ತಿಳಿದು ಮಡಚಿ ಬೇರೆ ಇಡುತ್ತಿದ್ದಳು.

ಈ ವಿಡಿಯೋಗಳಲ್ಲಿ ಜಾತಿ, ಒಳಜಾತಿ ಎಲ್ಲ ಇವೆ. ನನಗೆ ಹಿಡಿಸಿದ್ದು ಬ್ಯಾಂಡಿನವರು ಸುಮ್ಮನೆ ನಿಂತು ಬಾರಿಸುವ ಬಗೆ. ಖಾಲಿ ಗೋದಾಮು, ಒಂದು ಬಲ್ಬು, ಬೆವರು, ಉಬ್ಬಿದ ಕುತ್ತಿಗೆಯ ನರ. ಹೂದೋಟವಿಲ್ಲ, ಹಾಡಿನ ನಡುವೆ ಸೀರೆ ಬದಲಾಗುವುದಿಲ್ಲ. ಇವರು ನಮಗೆ ಸುಳ್ಳು ಹೇಳುತ್ತಿಲ್ಲ ಎಂಬ ನಂಬಿಕೆಯೇ ರಾಕ್ ಭಕ್ತನ ಬಂಡವಾಳ. ಕಥೆ ಹೇಳುವ ವಿಡಿಯೋಗಳೂ ಇದ್ದವು. ಅವುಗಳಲ್ಲಿ ಹಾಡು ಮುಗಿಯುವಷ್ಟರಲ್ಲಿ ಒಬ್ಬರಾದರೂ ಸಾಯಲೇಬೇಕು. ಭಾಷೆ ತಿಳಿಯದಿದ್ದರೂ ಅವು ಅವ್ವನಿಗೆ ಅರ್ಥವಾಗುತ್ತಿದ್ದವು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು, ಆ ಹುಡುಗಿ ಕಡೆಗೆ ಏನಾದಳು ಎಂದು ಕೇಳಿ ಹೋಗುತ್ತಿದ್ದಳು. ಇನ್ನು ತಲೆಬುಡ ತಿಳಿಯದ ಬಗೆ: ಕೋಣೆಯೊಳಗೆ ಒಂದು ಕುದುರೆ ನಿಂತಿರುತ್ತದೆ, ಮುದುಕಿಯೊಬ್ಬಳು ಹಿಂದುಹಿಂದಕ್ಕೆ ನಡೆಯುತ್ತಾಳೆ, ಯಾಕೆಂದು ಯಾರೂ ಹೇಳುವುದಿಲ್ಲ. ನಾವು ವಾರಗಟ್ಟಲೆ ಜಗಳವಾಡಿದ್ದು ಇಂಥವುಗಳ ಮೇಲೆಯೇ.

ಮಾಂತೇಶನ ಕಣ್ಣು ಬೇರೆ. ಒಮ್ಮೆ ನನ್ನ ಅಚ್ಚುಮೆಚ್ಚಿನ ಬ್ಯಾಂಡು ಗೋದಾಮಿನಲ್ಲಿ ಕುಣಿಯುತ್ತಿರುವಾಗ, ಗಿಟಾರಿಗೆ ವೈರೇ ಇಲ್ಲವಲ್ಲ ಎಂದುಬಿಟ್ಟ. ನೋಡಿದೆ, ಹೌದು. ಕರೆಂಟಿನ ಗಿಟಾರು, ವೈರಿಲ್ಲ. ಹಾಡನ್ನು ಎಲ್ಲೋ ಎಂದೋ ಮುದ್ರಿಸಿ, ಇಲ್ಲಿ ಬರೀ ಬಾಯಿ ಕೈ ಆಡಿಸುತ್ತಿದ್ದರು. "ಕೇಳೂದು ಒಂದಿನದ್ದು, ಕಾಣೂದು ಇನ್ನೊಂದಿನದ್ದು. ಎರಡೂ ಕೂಡಿಸಿ ಹೊಲಿಯೂದ ಕೆಲಸ" ಎಂದ. ನನಗೆ ಊಟ ಸೇರಲಿಲ್ಲ. ಅವನಿಗೋ ಅಂದಿನಿಂದ ಆ ಹೊಲಿಗೆಯ ಮೇಲೆಯೇ ಪ್ರೀತಿ ಹುಟ್ಟಿತು. ಮಣ್ಣಿನ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಫೋಟೋ ತೆಗೆದು ಕುಣಿಸುವ ವಿಡಿಯೋ ಬಂದರಂತೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅಲುಗಾಡದ್ದನ್ನು ಅಲುಗಾಡಿಸುವುದೇ ದೊಡ್ಡ ವಿದ್ಯೆ ಎನ್ನುವುದು ಅವನ ಮತ.

ನಮ್ಮದೇ ಒಂದು ವಿಡಿಯೋ ಮಾಡಬೇಕೆಂದು ಕಿತ್ತೂರಿನ ಕೋಟೆಗೂ ಹೋಗಿದ್ದೆವು. ಯಾರದೋ ಮದುವೆಗೆ ಬಾಡಿಗೆಗೆ ತಂದ ಕ್ಯಾಮರಾ, ತಂತಿ ಹರಿದ ಗಿಟಾರು. ಬಿದ್ದ ಗೋಡೆಗಳ ನಡುವೆ ನಿಂತು ನಾನು ಚೀರುವಂತೆ ನಟಿಸಿದೆ. ಆಡು ಕಾಯುತ್ತಿದ್ದ ಮುದುಕನೊಬ್ಬ ಓಡಿ ಬಂದು ಚೇಳು ಕಡಿಯಿತೇ ಎಂದು ವಿಚಾರಿಸಿದ. ನನ್ನ ರಾಕ್ ಬದುಕು ಅಲ್ಲಿಗೆ ಮುಗಿಯಿತು. ಮಾಂತೇಶ ಮಾತ್ರ ಕ್ಯಾಮರಾ ಬಿಡಲಿಲ್ಲ. ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಸ್ಟುಡಿಯೋ ಇದೆ. ಸುತ್ತಲಿನ ಊರುಗಳ ಮದುವೆ, ಮನೆಶಾಂತಿ, ಬಸುರಿಯರ ಕುಬಸ ಎಲ್ಲ ಅವನ ಕೈಯಲ್ಲೇ ಹಾಡಾಗುತ್ತವೆ.

ಅಪ್ಪ ಈ ವಿಡಿಯೋಗಳ ಬಗ್ಗೆ ಒಂದೇ ಸಲ ಬಾಯಿಬಿಟ್ಟಿದ್ದ. ಚೀರುತ್ತಿದ್ದ ಹಾಡುಗಾರನನ್ನು ಬಾಗಿಲಲ್ಲಿ ನಿಂತು ನೋಡಿ, "ಮೈಮ್ಯಾಲೆ ಬಂದೈತಿ ಇವಂಗ. ಲಿಂಬಿಹಣ್ಣು ಹಿಂಡ್ರಿ" ಎಂದು ಹೇಳಿ ಕಾಳಿನ ಅಂಗಡಿಗೆ ಹೋದ. ಅಪ್ಪನಿಗೆ ಅದು ಬಹಳ ಮಾತು. ಆತ ಹೂಂ ಅನ್ನದ ಮನುಷ್ಯ. ಏನೇ ಕೇಳಿದರೂ ಸುಮ್ಮನಿರುತ್ತಿದ್ದ. ನಾಲ್ಕು ದಿನ ಕಾದು, ಬೇಡ ಅನ್ನಲಿಲ್ಲವಲ್ಲ ಎಂದು ನಾವೇ ಹೂಂ ಎಂದು ತಿಳಿದುಕೊಳ್ಳಬೇಕು. ಆದರೆ ಬಾಯಿಬಿಟ್ಟು ಆಡಿದ್ದು ಕಲ್ಲಿನ ಮೇಲೆ ಬರೆದ ಹಾಗೆ.

ಸುರೇಬಾನದಲ್ಲಿ ಅವ್ವನ ಅಕ್ಕ, ನಮ್ಮ ದೊಡ್ಡವ್ವನ ಮನೆ. ಅವರ ಮನೆಯ ಮದುವೆಯೊಂದರಲ್ಲಿ ಅಪ್ಪನಿಗೆ ಆಹೇರಿಯಲ್ಲಿ ಒಂದು ಧೋತ್ರ ಉಡುಗೊರೆ ಬಂತು. ಬಿಚ್ಚಿ ನೋಡಿದರೆ, ಹಿಂದೆ ನಾವೇ ಅವರಿಗೆ ಕೊಟ್ಟಿದ್ದ ಧೋತ್ರ, ನಮ್ಮ ಮನೆಯ ಅರಿಶಿನದ ಬೊಟ್ಟಿನ ಸಮೇತ. ಆಹೇರಿಯ ಬಟ್ಟೆ ಊರೂರು ತಿರುಗುವುದು ಎಲ್ಲರಿಗೂ ಗೊತ್ತು. ಅಂದು ಅಪ್ಪ ನಗಲಿಲ್ಲ. ಚಪ್ಪರದಲ್ಲಿ ಎದ್ದು ನಿಂತು, ನಮ್ಮ ಪೈಕಿ ಯಾರೇ ಈ ಮನೆಯ ಹೊಸ್ತಿಲು ತುಳಿದರೂ ಅದು ನನ್ನ ಹೆಣ ತುಳಿದ ಹಾಗೆ ಎಂದು ಆಣೆ ಇಟ್ಟುಬಿಟ್ಟ. ಅವ್ವನ ನಂಬಿಕೆಯಲ್ಲಿ ಆಣೆಯನ್ನು ಇಟ್ಟವನೇ ಬಿಡಬೇಕು, ಬಾಯಿಂದ ಆಗದಿದ್ದರೆ ತಲೆಯನ್ನಾದರೂ ಆಡಿಸಬೇಕು. ಬಿಡದೆ ಸತ್ತರೆ ಬಿಡಿಸುವವರು ಯಾರೂ ಇಲ್ಲ.

ಹಾಗಾಗಿ ಅಕ್ಕತಂಗಿಯರು ಸವದತ್ತಿಯ ಗುಡ್ಡದಲ್ಲೋ, ಯಾರದೋ ಮದುವೆಯ ಪಂಗ್ತಿಯಲ್ಲೋ ಕೂಡಿ, ಕಣ್ಣೀರು ಹಾಕಿ, ತಮ್ಮತಮ್ಮ ಬಸ್ಸು ಹತ್ತುತ್ತಿದ್ದರು. ಕಡೆಗೆ ದೊಡ್ಡವ್ವ ಹಾಸಿಗೆ ಹಿಡಿದಳು, ಕಣ್ಣು ಮಂಜಾಯಿತು. ಸಾಯುವುದರೊಳಗೆ ತಂಗಿ ಒಮ್ಮೆ ಬರಲಿ ಎಂದು ಹೇಳಿಕಳಿಸಿದಳು. ಆಗ ಅಪ್ಪನೂ ಮಲಗಿದ್ದ. ಅವ್ವ ಅವನ ಕಾಲು ಹಿಡಿದು ಕೇಳಿದಳು. ಅಪ್ಪ ಗೋಡೆಯ ಕಡೆ ಹೊರಳಿದ. ಆ ವಾರವೇ ತೀರಿಕೊಂಡ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಬೆನ್ನಿಗೆ ಒಂದು ಮಣೆ, ತಲೆ ವಾಲದಂತೆ ಬಟ್ಟೆಯ ಕಟ್ಟು. ಕೂತೇ ಭಜನೆ ಕೇಳುತ್ತಾರೆ, ಕೂತೇ ಮೆರವಣಿಗೆ ಹೋಗುತ್ತಾರೆ, ಕೂತೇ ಮಣ್ಣಿಗೆ ಇಳಿಯುತ್ತಾರೆ. ಅಪ್ಪನನ್ನು ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಹೂವಿನ ಕುರ್ಚಿಯಲ್ಲಿ ಕೂಡಿಸಿದೆವು. ದೂರದೂರಿನ ನೆಂಟರಿಗೆ ಕಳಿಸಲು ಬೇಕೆಂದು ಕಾಕಾ ಹಟ ಮಾಡಿದ್ದರಿಂದ ಮಾಂತೇಶ ಕ್ಯಾಮರಾ ತಂದಿದ್ದ.

ಶಿವಗಣಾರಾಧನೆ ಮುಗಿದ ಮರುದಿನ ಅವನು ಪೆನ್‌ಡ್ರೈವ್ ಕೊಟ್ಟು ಹೋದ. ಮನೆ ತುಂಬ ಬೀಗರು. ಟಿವಿಗೆ ಹಚ್ಚಿದೆ. ಮೊದಲು ಸದ್ದಿಲ್ಲ. ಬಾಗಿಲ ಬಳಿ ಅಪ್ಪನ ಚಪ್ಪಲಿ, ಊದಿನಕಡ್ಡಿಯ ಹೊಗೆ, ಖಾಲಿ ಮಂಚ. ಆಮೇಲೆ ಹಲಗೆ ವಾದ್ಯದ ಬಡಿತ ಶುರುವಾಯಿತು, ಪೆಟ್ಟು ಬಿದ್ದಲ್ಲೆಲ್ಲ ಚಿತ್ರ ಬದಲಾಯಿತು: ಗುಲಾಲು, ಗಾಲಿ, ಅಳುವ ಬಾಯಿ, ಗುಲಾಲು. ನಮ್ಮ ಕಾಲೇಜಿನ ಮಧ್ಯಾಹ್ನಗಳೆಲ್ಲ ಅದರಲ್ಲಿದ್ದವು. ಹೇಳಲು ನಾಚಿಕೆ, ನನ್ನ ಕಾಲು ತಾಳ ಹಾಕುತ್ತಿತ್ತು.

ಆಗ ಅಪ್ಪನ ಮುಖ ಪರದೆ ತುಂಬ ಬಂತು. ಹಲಗೆಯ ಪೆಟ್ಟಿಗೆ ಸರಿಯಾಗಿ ತಲೆ ಮುಂದಕ್ಕೆ ಬಾಗಿತು, ಮೇಲೆದ್ದಿತು. ಮತ್ತೆ ಬಾಗಿತು, ಮತ್ತೆ ಎದ್ದಿತು. ಮತ್ತೊಮ್ಮೆ. ನನ್ನ ಕಾಲು ನಿಂತಿತು. ಯಾರೋ ಮಗುವಿನ ಕಣ್ಣು ಮುಚ್ಚಿದರು. ಅಷ್ಟು ದಿನ ಕಲ್ಲಾಗಿ ಕೂತಿದ್ದ ಅವ್ವ ಒಬ್ಬಳೇ ಟಿವಿಯ ಹತ್ತಿರ ಸರಿದು, "ತಿರುಗಿ ಹಚ್ಚು" ಅಂದಳು. ಹಚ್ಚಿದೆ. ಹಾಲು ಉಕ್ಕಿತು ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು: "ಹೂಂ ಅನ್ನಾಕ್ಹತ್ತಾರ ನೋಡು."

ಬರುವ ಸೋಮವಾರ ಸುರೇಬಾನಕ್ಕೆ ಹೋಗುವುದು ಎಂದು ಆಗಲೇ ನಿಶ್ಚಯಿಸಿದಳು. ನನಗೆ ಮಾತ್ರ ಅನುಮಾನ. ಮಾಂತೇಶನ ಹೊಲಿಗೆ ನನಗೆ ಗೊತ್ತಿಲ್ಲವೇ? ಕತ್ತರಿಯ ಆಟ ನಂಬಿ ಅವ್ವ ಹೊಸ್ತಿಲು ದಾಟಿ, ನಾಳೆ ಯಾರಾದರೂ ಇದು ಸುಳ್ಳೆಂದು ಹೇಳಿದರೆ, ಗಂಡನ ಹೆಣ ತುಳಿದೆನೆಂಬ ಕೊರಗು ಆಕೆಯನ್ನು ಉಳಿಸುವುದಿಲ್ಲ. ಈಗಲೇ ಹೇಳಿಬಿಟ್ಟರೆ, ದೊಡ್ಡವ್ವ ತಂಗಿಯ ಮುಖ ನೋಡದೆ ಸಾಯುತ್ತಾಳೆ.

ಸ್ಟುಡಿಯೋಕ್ಕೆ ಹೋಗಿ ಅವನ ಮೇಲೆ ಹರಿಹಾಯ್ದೆ. ಅವನು ಎದುರಾಡಲಿಲ್ಲ. ತಲೆ ಆಡಿದ್ದು ಒಂದೇ ಸಲ, ತಾನು ಅದನ್ನು ಮೂರು ಸಲ ಹಾಕಿದ್ದು, ಬಡಿತಕ್ಕೆ ಕೂಡುತ್ತಿತ್ತು ಎಂದು ಒಪ್ಪಿಕೊಂಡ. ಆಮೇಲೆ ಶಟರ್ ಅರ್ಧ ಇಳಿಸಿ ಬಂದು ಮೆಲ್ಲಗೆ ಅಂದ: "ಮೊದಲಿಂದು ನೋಡತೀಯೇನ? ಅದಕ್ಕ ಹಲಗಿ ಹಚ್ಚಿಲ್ಲ. ಅವತ್ತಿನ ಆವಾಜ್ ಐತಿ."

ಕಂಪ್ಯೂಟರಿನಲ್ಲಿ ನಮ್ಮ ಮನೆಯ ಮುಂದಿನ ಬೀದಿ ಕಂಡಿತು. ಟ್ರೇಲರ್ ನಿಂತಿದೆ. ಯಾರೋ ತೆಂಗಿನಕಾಯಿ ಕೇಳುತ್ತಿದ್ದಾರೆ, ಹೆಂಗಸರ ಅಳು. ಕುರ್ಚಿಯ ಬುಡದಲ್ಲಿ ಅವ್ವ, ಅಪ್ಪನ ಪಾದದ ಮೇಲೆ ಹಣೆಯಿಟ್ಟು, ಮುಖದ ಮೇಲೆ ಸೆರಗು. ಆ ಗದ್ದಲದೊಳಗೆ ಅವಳ ದನಿ ಕ್ಯಾಮರಾಕ್ಕೆ ಹತ್ತಿರವಾಗಿ ಕೇಳಿಸಿತು: "ಅಕ್ಕನ ಮನಿಗಿ ಹೋಗಿ ಬರ್ಲೇನ್ರಿ? ಇನ್ನಾರ ಆಣಿ ಬಿಡ್ರಿ."

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಪ್ಪನ ತಲೆ ನಿಧಾನ ಬಾಗಿ, ನಿಧಾನ ಮೇಲೆದ್ದಿತು. ಅವ್ವನ ಹಣೆ ಪಾದದ ಮೇಲೇ ಇತ್ತು, ಅವಳು ನೋಡಲಿಲ್ಲ. ಟ್ರ್ಯಾಕ್ಟರಿನ ಇಂಜಿನ್ ಚಾಲೂ ಆದದ್ದು ಅದಾದ ಮೇಲೆ.

"ಕಟ್ಟು ಸಡಲ ಆಗಿರಬೇಕು" ಎಂದ ಮಾಂತೇಶ, ಕಂಪ್ಯೂಟರ್ ಬಂದ್ ಮಾಡುತ್ತ. ಕಟ್ಟು ಸಡಿಲಾದರೆ ತಲೆ ಬೀಳುತ್ತದೆ. ಎದ್ದದ್ದು ಹೇಗೆ ಎಂದು ನಾನು ಕೇಳಲಿಲ್ಲ. ಎಲ್ಲಿ ಕೇಳಿಬಿಡುತ್ತಾನೋ ಎಂಬ ಹೆದರಿಕೆ ಅವನ ಮುಖದಲ್ಲಿತ್ತು. ಇಬ್ಬರೂ ಚಹಾ ಕುಡಿದೆವು, ಹಳೆಯ ಬ್ಯಾಂಡುಗಳ ಸುದ್ದಿ ಎತ್ತಲಿಲ್ಲ. ಅವ್ವನಿಗೆ ಇಂದಿಗೂ ಈ ಸಂಗತಿ ಹೇಳಿಲ್ಲ.

ಸೋಮವಾರ ಸವದತ್ತಿ, ರಾಮದುರ್ಗ ದಾಟಿ ಸುರೇಬಾನಕ್ಕೆ ಹೋದೆವು. ದೊಡ್ಡವ್ವನ ಮಂಚ ಬಾಗಿಲಿಗೆ ಎದುರಾಗಿಯೇ ಇತ್ತು. ಅವ್ವ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಕಾಲೆತ್ತಿದಳು, ಇಡಲಾಗಲಿಲ್ಲ. ನಾನು ಚೀಲ ಹಿಡಿದು ಅವಳ ಹಿಂದೆ ನಿಂತಿದ್ದೆ. ಅಪ್ಪ ಹೋದ ಸುದ್ದಿ ದೊಡ್ಡವ್ವನಿಗೆ ಮುಟ್ಟಿತ್ತು, ಆದರೆ ಈಗೀಗ ಹೇಳಿದ್ದು ಅವಳ ತಲೆಯಲ್ಲಿ ನಿಲ್ಲುವುದಿಲ್ಲವೆಂದು ಸೊಸೆ ಆಮೇಲೆ ತಿಳಿಸಿದಳು. ಮಂಜುಗಣ್ಣಿನಿಂದ ಬಾಗಿಲ ಕಡೆ ಬಹಳ ಹೊತ್ತು ನೋಡಿ ದೊಡ್ಡವ್ವ ಅಂದಳು: "ಬಂದೇನ್ವಾ ತಂಗಿ? ನಿಮ್ಮ ಮನಿಯವ್ರು ಯಾಕ ಹೊರಗ ನಿಂತಾರ? ಇನ್ನೂ ಸಿಟ್ಟೈತೇನ ಅವ್ರಿಗೆ?"

ಅವ್ವ ತಿರುಗಿ ನನ್ನನ್ನು ನೋಡಿದಳು. ತಾಯಿ ಮಗನನ್ನು ಹಾಗೆ ನೋಡುವುದಿಲ್ಲ. ದೊಡ್ಡವ್ವನಿಗೆ ತಿಳಿಹೇಳಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ತಲೆ ಬಾಗಿತು, ನಿಧಾನ. ಮತ್ತೆ ಎದ್ದಿತು. ನಾನು ಆಡಿಸಲಿಲ್ಲ ಎಂದರೆ ನೀವು ನಕ್ಕೀರಿ. ಅವ್ವ ಹೊಸ್ತಿಲು ದಾಟಿದಳು.

ಅಂದಿನಿಂದ ತಿಂಗಳಿಗೆ ಒಂದು ವಾರ ಅವ್ವ ಸುರೇಬಾನದಲ್ಲೇ ಇರುತ್ತಾಳೆ, ಅಕ್ಕನ ತಲೆ ಬಾಚುತ್ತ, ಗಂಜಿ ಕುಡಿಸುತ್ತ. ಸಂಜೆ ಅಲ್ಲಿಂದ ಫೋನ್ ಬರುತ್ತದೆ. ದೊಡ್ಡವ್ವ ಹಟ ಹಿಡಿದು ಫೋನ್ ಇಸಿದುಕೊಂಡು, ನನ್ನನ್ನೇ ಅಪ್ಪನೆಂದು ತಿಳಿದು, ಧೋತ್ರದ ಮಾತು ಮನಸಿನಲ್ಲಿಡಬೇಡಿ ಎಂದು ದಿನಾ ಬೇಡಿಕೊಳ್ಳುತ್ತಾಳೆ. ಸತ್ತವರ ಸುದ್ದಿಯನ್ನು ದಿನಾ ಹೊಸದಾಗಿ ಹೇಳಿ ಅಳಿಸುವುದೇಕೆಂದು ನಾನು ಹೂಂ ಅನ್ನುತ್ತೇನೆ. ಮೊದಮೊದಲು ಅಪ್ಪನ ದನಿ ಬರಲೆಂದು ಗಂಟಲು ದಪ್ಪ ಮಾಡಿಕೊಳ್ಳುತ್ತಿದ್ದೆ. ನಿನ್ನೆ ಸಂಜೆ ಹಾಗೆ ಮಾಡಿಕೊಳ್ಳುವುದನ್ನು ಮರೆತು, ಸುಮ್ಮನೆ ಹೂಂ ಅಂದೆ; ಬಂದದ್ದು ಅಪ್ಪನ ದನಿ. ಆ ಕಡೆ ಅಕ್ಕನ ಕಿವಿಗೆ ಕಿವಿ ತಾಗಿಸಿ ಕೇಳುತ್ತಿದ್ದ ಅವ್ವ, ಫೋನ್ ತನ್ನ ಕೈಗೆ ತೆಗೆದುಕೊಂಡವಳು ಬಹಳ ಹೊತ್ತು ಇಡಲಿಲ್ಲ.